ಜೂನ್‌ನ ಶುಲ್ಕಕ್ಕೆ ಮಾರ್ಚ್‌ನ ಹಣ

ರಾಯಚೂರಿನಿಂದ ಸಿರವಾರದ ಹಾದಿ ಹಿಡಿದರೆ ಸಿಗುವ ಕಲ್ಲೂರು ಮಹಾಲಕ್ಷ್ಮಿಯ ಗುಡಿಯಿಂದಾಗಿ ಹೆಸರಾದ ಊರು. ಭಕ್ತರು ಇದನ್ನು ಎರಡನೆಯ ಕೊಲ್ಹಾಪುರ ಎನ್ನುತ್ತಾರೆ. ಸಂಪತ್ತಿನ ದೇವತೆಯೇ ನೆಲೆಸಿದ ಈ ಊರಿನಲ್ಲೂ ಅದರ ಆಚೀಚಿನ ಮಾನ್ವಿ, ದೇವದುರ್ಗ ಸೀಮೆಯ ಹಳ್ಳಿಗಳಲ್ಲೂ ಜೂನ್ ಎಂದರೆ ಕೈ ಬರಿದಾದ ತಿಂಗಳು. ಮಿರಗದ ಮಳೆ ಬಿದ್ದರೆ ಎರಿ ಹೊಲಕ್ಕೆ ಹತ್ತಿ ಬೀಜ, ತೊಗರಿ ಬೀಜ, ಗೊಬ್ಬರ ಎಲ್ಲವೂ ಒಟ್ಟಿಗೇ ಬೇಕು. ಅದಕ್ಕಾಗಿ ರಾಯಚೂರಿನ ರಾಜೇಂದ್ರ ಗಂಜಿನ ದಲಾಲಿ ಅಂಗಡಿಯಲ್ಲಿ ಸಾಲ ಬರೆಸಬೇಕು. ಆ ಸಾಲ ತೀರುವುದು ದೀಪಾವಳಿ ದಾಟಿ ಹತ್ತಿ ಬಿಡಿಸಿದ ಮೇಲೆ. ಹೊಲವಿಲ್ಲದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿ ತಂದ ದುಡ್ಡೂ ಅಷ್ಟರೊಳಗೆ ಕರಗಿರುತ್ತದೆ. ಸರಿಯಾಗಿ ಇದೇ ಹೊತ್ತಿಗೆ ಕಾಲೇಜುಗಳು ಬಾಗಿಲು ತೆರೆದು ಶುಲ್ಕ ಕೇಳುತ್ತವೆ.

ಸರ್ಕಾರದ ವಿದ್ಯಾರ್ಥಿವೇತನ ಇರುವುದು ಈ ಇಕ್ಕಟ್ಟಿನಿಂದ ಮನೆಯನ್ನು ಪಾರುಮಾಡುವುದಕ್ಕೆ. ಆದರೆ ಅರ್ಜಿ ಮಳೆಗಾಲದಲ್ಲಿ ಹೋಗುತ್ತದೆ, ಹಣ ಬಿಸಿಲುಗಾಲದಲ್ಲಿ ಬರುತ್ತದೆ. ಕೆಲವೊಮ್ಮೆ ಮುಂದಿನ ಮಳೆಗಾಲದಲ್ಲಿ. ಯಾರಿಗೆ ಎಷ್ಟು ಕೊಡಬೇಕು ಎಂಬುದರ ಬಗ್ಗೆ ಶಾಸನಸಭೆಗಳಲ್ಲಿ, ಆಯೋಗಗಳಲ್ಲಿ ನಡೆದ ಚರ್ಚೆಗೆ ಲೆಕ್ಕವಿಲ್ಲ. ಯಾವಾಗ ಕೊಡಬೇಕು ಎಂಬುದು ಗುಮಾಸ್ತರ ಮಟ್ಟದ ವಿಷಯವಾಗಿಯೇ ಉಳಿಯಿತು. ಬಡ ಹುಡುಗನೊಬ್ಬ ಓದು ಮುಂದುವರಿಸುತ್ತಾನೋ ಬಿಡುತ್ತಾನೋ ಎಂಬುದನ್ನು ಎಷ್ಟೋ ಸಲ ತೀರ್ಮಾನಿಸಿದ್ದು ಮೊತ್ತಕ್ಕಿಂತ ಹೆಚ್ಚಾಗಿ ಈ ತಾರೀಖು. ಅದಕ್ಕೂ ಒಂದು ಚರಿತ್ರೆಯಿದೆ.

ದೀಪದ ಎಣ್ಣೆಗೆ 12 ನಿವರ್ತನ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿಯೇ ವಸತಿ. ರಾತ್ರಿಯ ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಜೊತೆಗೆ ಊರಿನ ಗೃಹಸ್ಥರು ಮದುವೆಯೊಂದಕ್ಕೆ ಇಂತಿಷ್ಟು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರಲ್ಲೂ ಅರ್ಧ ಎಂದು ಶಾಲೆಗೆ ಕಾಣಿಕೆ ಕೊಡಬೇಕೆಂಬ ಕಟ್ಟಳೆ ಇತ್ತು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿ ಇನ್ನೂ ದೊಡ್ಡ ಉದಾಹರಣೆ. 1058ರ ಶಾಸನದ ಪ್ರಕಾರ ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳಿಗೂ ಶಾಸ್ತ್ರ ಓದುವ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೂ ಊಟ, ಬಟ್ಟೆಯ ಏರ್ಪಾಟಿತ್ತು. ಪುಸ್ತಕ ಭಂಡಾರ ನೋಡಿಕೊಳ್ಳಲು 6 ಮಂದಿ ಇದ್ದರು.

ಈ ಕಾಲವನ್ನು ಕೊಂಡಾಡಲು ಹೊರಟರೆ ಒಂದು ಪ್ರಶ್ನೆ ಅಡ್ಡ ನಿಲ್ಲುತ್ತದೆ. ಅಲ್ಲಿ ಕೂತು ಓದುವ ಅವಕಾಶ ಇದ್ದದ್ದು ಯಾರಿಗೆ? ನಾಗಾವಿಯ ಸುತ್ತ ಹೊಲ ಉತ್ತವನ ಮಗನಿಗಂತೂ ಇರಲಿಲ್ಲ. ಆದರೂ ಆ ವ್ಯವಸ್ಥೆಯ ಒಂದು ಗುಣವನ್ನು ಗುರುತಿಸಬೇಕು. ನೆರವಿನ ಮೂಲ ಶಾಲೆಯ ಪಕ್ಕದ ಹೊಲದಲ್ಲಿಯೇ ಇತ್ತು. ಬೆಳೆ ಬಂದಾಗ ಕಣಜ ತುಂಬುತ್ತಿತ್ತು, ಕಣಜದಿಂದ ದಿನವೂ ಅನ್ನ ಬರುತ್ತಿತ್ತು. ನಡುವೆ ಅರ್ಜಿಯಿರಲಿಲ್ಲ, ಮಂಜೂರಾತಿಯಿರಲಿಲ್ಲ. ತೀರಾ ಇತ್ತೀಚಿನವರೆಗೆ ಕನ್ನಡ ನಾಡಿನಲ್ಲಿ ನಡೆದುಬಂದ ವಾರಾನ್ನದ ಪದ್ಧತಿಯೂ ಹಾಗೆಯೇ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಊಟ ಗೊತ್ತುಮಾಡಿಕೊಂಡು ಓದಿದವರು ನೂರಾರು ಮಂದಿ. ಅದರಲ್ಲಿ ಅವಮಾನ ಇರಲಿಲ್ಲವೆಂದಲ್ಲ. ಜಾತಿಯ ಗೋಡೆಯಂತೂ ಇದ್ದೇ ಇತ್ತು. ಸೋಮವಾರದ ಊಟ ಮಾತ್ರ ಸೋಮವಾರವೇ ಸಿಗುತ್ತಿತ್ತು.

ಗೋಡೆಯ ಹೊರಗಿದ್ದವರಿಗೆ ಬಾಗಿಲು ತೆರೆದವರಲ್ಲಿ ಕೊಲ್ಹಾಪುರದ ಶಾಹು ಮಹಾರಾಜರು ಮೊದಲಿಗರು. 1901ರಲ್ಲಿ ಅಲ್ಲಿ ಮರಾಠ ವಿದ್ಯಾರ್ಥಿಗಳ ವಸತಿನಿಲಯ ತೆರೆಯಿತು. ಮುಂದೆ ಜೈನ, ಮುಸ್ಲಿಂ, ಲಿಂಗಾಯತ ಮೊದಲಾದ ಸಮುದಾಯಗಳಿಗೂ ಒಂದೊಂದಾಗಿ ನಿಲಯಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಸರ್ ಲೆಸ್ಲಿ ಮಿಲ್ಲರ್ ಸಮಿತಿ ಮರುವರ್ಷ ವರದಿ ಕೊಟ್ಟಿತು. ಸರ್ಕಾರಿ ನೌಕರಿಯ ಜೊತೆಗೆ ಹಿಂದುಳಿದವರ ವಿದ್ಯಾರ್ಥಿವೇತನ, ವಸತಿನಿಲಯಗಳ ಮಾತನ್ನೂ ಅದು ಎತ್ತಿತ್ತು.

ಅವಧಿ ಮುಗಿದಾಗ ನಿಂತ ಓದು

ವಿದ್ಯಾರ್ಥಿವೇತನದ ಬೆಲೆಯನ್ನೂ ಅದು ಕೈಕೊಡುವ ಬಗೆಯನ್ನೂ ಸ್ವಂತ ಅನುಭವದಿಂದ ಬಲ್ಲವರು ಡಾ. ಬಿ.ಆರ್. ಅಂಬೇಡ್ಕರ್. ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅವರು ಓದಿದ್ದು ಬರೋಡದ ಸಯಾಜಿರಾವ್ ಗಾಯಕವಾಡರು ಕೊಡುತ್ತಿದ್ದ ತಿಂಗಳಿಗೆ 25 ರೂಪಾಯಿಯಿಂದ. 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದೂ ಬರೋಡದ ನೆರವಿನಿಂದಲೇ. 1916ರಲ್ಲಿ ಅಲ್ಲಿಂದ ಲಂಡನ್ನಿಗೆ ಹೋದರು. ಮರುವರ್ಷ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೆ ಬಿಟ್ಟು 1917ರಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. ಮತ್ತೆ ಲಂಡನ್ ಸೇರಲು 3 ವರ್ಷ ಹಿಡಿಯಿತು. ನಡುವೆ ಮುಂಬೈಯಲ್ಲಿ ಪಾಠ ಹೇಳಿ ಹಣ ಕೂಡಿಟ್ಟರು, ಶಾಹು ಮಹಾರಾಜರ ನೆರವನ್ನೂ ಪಡೆದರು. ಅಂಬೇಡ್ಕರರಂಥ ಛಲಗಾರ ವಿದ್ಯಾರ್ಥಿಯ ಓದಿನಲ್ಲೇ ಹಣದ ಗಡುವು 3 ವರ್ಷದ ಕಂದಕ ತೋಡಿತೆಂದ ಮೇಲೆ ಸಾಮಾನ್ಯ ಹುಡುಗರ ಮಾತೇನು?

ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದ ವರ್ಷವೇ, 1942ರ ಅಕ್ಟೋಬರ್ 29ರಂದು, ಅವರು ಪರಿಶಿಷ್ಟ ಜಾತಿಗಳ ಅಹವಾಲುಗಳನ್ನು ಪಟ್ಟಿಮಾಡಿದ ಮನವಿಪತ್ರವನ್ನು ಲಾರ್ಡ್ ಲಿನ್‌ಲಿತ್‌ಗೊಗೆ ಸಲ್ಲಿಸಿದರು. ಉನ್ನತ ಶಿಕ್ಷಣಕ್ಕೆ, ಅದರಲ್ಲೂ ವಿಜ್ಞಾನ ಮತ್ತು ತಾಂತ್ರಿಕ ಶಿಕ್ಷಣಕ್ಕೆ, ವಿದ್ಯಾರ್ಥಿವೇತನ ಬೇಕೆಂಬುದು ಅದರ ಮುಖ್ಯ ಬೇಡಿಕೆಗಳಲ್ಲಿ ಒಂದು. ಅದರ ಫಲವಾಗಿ 1944ರಲ್ಲಿ ಆರಂಭವಾದದ್ದೇ ಇಂದಿಗೂ ನಡೆಯುತ್ತಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. 1948-49ರಲ್ಲಿ ಪರಿಶಿಷ್ಟ ಪಂಗಡಗಳಿಗೆ, ಮರುವರ್ಷ ಇತರ ಹಿಂದುಳಿದ ವರ್ಗಗಳಿಗೆ ಅದು ವಿಸ್ತರಿಸಿತು.

ಆಗ ರಾಯಚೂರು ಇದ್ದದ್ದು ಹೈದರಾಬಾದ್ ಸಂಸ್ಥಾನದಲ್ಲಿ. ನಿಜಾಮರ ಕಾಲದಲ್ಲಿ ಓದಿದವರು ವಿದ್ಯಾರ್ಥಿವೇತನವನ್ನು 'ವಜೀಫಾ' ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ನಿವೃತ್ತಿ ವೇತನಕ್ಕೂ ಅದೇ ಮಾತು. ಎರಡಕ್ಕೂ ಒಂದೇ ಹೆಸರಿಟ್ಟವರು ಕಾಯುವಿಕೆಯನ್ನು ಬಲ್ಲವರೇ ಇರಬೇಕು! 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮ ಉರ್ದು. ಕಲ್ಲೂರು, ಮಾನ್ವಿಯ ಕನ್ನಡ ಹುಡುಗನಿಗೆ ವಜೀಫಾ ಕೇಳುವ ಮೊದಲು ದಾಟಬೇಕಾದದ್ದು ಭಾಷೆಯ ಹೊಳೆಯನ್ನು. 1940ರ ದಶಕದಲ್ಲಿ ಪರಿಶಿಷ್ಟ ಜಾತಿಗಳ ಶಿಕ್ಷಣಕ್ಕೆಂದು ಸಂಸ್ಥಾನ ಒಂದು ನಿಧಿಯನ್ನು ತೆಗೆದಿರಿಸಿತು. ಅದೇ ಸಂಸ್ಥಾನದಲ್ಲಿದ್ದ ಔರಂಗಾಬಾದಿನಲ್ಲಿ 1950ರಲ್ಲಿ ಅಂಬೇಡ್ಕರ್ ಆರಂಭಿಸಿದ ಕಾಲೇಜಿಗೆ, ಮುಂದೆ ಮಿಲಿಂದ ಮಹಾವಿದ್ಯಾಲಯವೆಂದು ಹೆಸರಾದ ಸಂಸ್ಥೆಗೆ, ಆ ನಿಧಿಯಿಂದ ಸಾಲ ದೊರೆಯಿತು.

ಸಂಸ್ಥಾನದ ಪಂಚಾಂಗವೂ ಬೇರೆಯೇ. ಅಲ್ಲಿ ಲೆಕ್ಕದ ವರ್ಷ ಫಸಲಿ. ಅದರ ಮೊದಲ ತಿಂಗಳು ಆಜೂರ್ ಆರಂಭವಾಗುತ್ತಿದ್ದದ್ದು ಅಕ್ಟೋಬರ್ 6ಕ್ಕೆ. ಹೆಸರೇ ಹೇಳುವಂತೆ ಅದು ಫಸಲನ್ನು ನೋಡಿಕೊಂಡ ವರ್ಷ: ಮುಂಗಾರಿನ ಪೈರು ಕೈಗೆ ಬರುವ ಹೊತ್ತಿಗೆ ಕಂದಾಯದ ಲೆಕ್ಕ ಶುರು. ಬ್ರಿಟಿಷ್ ಇಂಡಿಯಾದಲ್ಲಿ 1867ರಿಂದ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷ ನಡೆಯುತ್ತಿತ್ತು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತದಲ್ಲಿ ಸೇರಿತು, 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯದೊಳಗೆ ಬಂತು. ಏಪ್ರಿಲ್–ಮಾರ್ಚ್ ವರ್ಷವೂ ಜೊತೆಯಲ್ಲಿ ಬಂತು. 1980ರ ದಶಕದಲ್ಲಿ ಎಲ್.ಕೆ. ಝಾ ಸಮಿತಿ ಹಣಕಾಸು ವರ್ಷವನ್ನು ಜನವರಿಯಿಂದ ಆರಂಭಿಸಬಹುದೆಂದು ಸಲಹೆ ಕೊಟ್ಟಿತ್ತು. ಅದು ಸಲಹೆಯಾಗಿಯೇ ಉಳಿಯಿತು.

20ನೇ ತಾರೀಖಿನ ನಿಯಮ

ಮೊದಮೊದಲು ಈ ವಿದ್ಯಾರ್ಥಿವೇತನ ಮಂಜೂರಾಗುತ್ತಿದ್ದದ್ದು ದೆಹಲಿಯಲ್ಲಿ. 1950ರ ದಶಕದ ಕೊನೆಯ ಹೊತ್ತಿಗೆ ಆ ಕೆಲಸ ರಾಜ್ಯಗಳ ಕೈಗೆ ಬಂತು. ದಾರಿ ಹತ್ತಿರವಾಯಿತೇನೋ ನಿಜ. ಆದರೆ ಮೂರು ಬೇರೆ ಬೇರೆ ವರ್ಷಗಳು ಒಂದಕ್ಕೊಂದು ಹೊಂದದೆ ಉರುಳುವುದು ತಪ್ಪಲಿಲ್ಲ. ರೈತನ ವರ್ಷ ಮಿರಗದಿಂದ ಶುರು, ಕಾಲೇಜಿನ ವರ್ಷ ಜೂನ್ ಅಥವಾ ಜುಲೈಯಿಂದ, ಸರ್ಕಾರದ ವರ್ಷ ಏಪ್ರಿಲ್‌ನಿಂದ.

ಇದು ಹೇಗೆ ತೊಡಕಾಗುತ್ತದೆಂದು ನೋಡಬೇಕು. ಬಜೆಟ್ಟು ಏಪ್ರಿಲ್‌ನಲ್ಲಿ ಜಾರಿಗೆ ಬಂದರೂ ಇಲಾಖೆಗೆ ಹಣ ಬರುವುದು ಕಂತುಗಳಲ್ಲಿ. ವಿದ್ಯಾರ್ಥಿಯ ಪ್ರವೇಶ ಮುಗಿಯದೆ ಅರ್ಜಿ ಹಾಕುವಂತಿಲ್ಲ. ಪ್ರವೇಶ ಜುಲೈ, ಆಗಸ್ಟಿಗೆ ಮುಗಿದರೆ ಅರ್ಜಿ ಸೆಪ್ಟೆಂಬರಿಗೆ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ತಹಶೀಲ್ದಾರರ ಕಚೇರಿ. ಕಲ್ಲೂರಿನವರಿಗೆ ಆಗ ತಾಲ್ಲೂಕು ಕಚೇರಿಯೆಂದರೆ ಮಾನ್ವಿ. ಅಲ್ಲಿಂದ ಕಾಲೇಜಿನ ಗುಮಾಸ್ತರ ಮೇಜು, ಪ್ರಾಂಶುಪಾಲರ ಸಹಿ, ಸಮಾಜ ಕಲ್ಯಾಣ ಇಲಾಖೆಯ ಕಚೇರಿ, ಪರಿಶೀಲನೆ, ಆಕ್ಷೇಪಣೆ, ಮರುಸಲ್ಲಿಕೆ. ಒಂದು ಸಹಿ ತಪ್ಪಿದ್ದರೆ ಕಡತ ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಇಷ್ಟೆಲ್ಲ ಮುಗಿದು ಬಿಲ್ಲು ಖಜಾನೆ ಮುಟ್ಟುವಾಗ ಫೆಬ್ರುವರಿ. ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸಾಗುತ್ತದೆಂಬ ಭಯ ಇಲಾಖೆಗೆ. ಆದ್ದರಿಂದ ವರ್ಷವಿಡೀ ತೆವಳಿದ ಕಡತಗಳು ಮಾರ್ಚಿಯಲ್ಲಿ ಓಡುತ್ತಿದ್ದವು. ಕಾಲೇಜಿನ ಸೂಚನಾ ಫಲಕದ ಮೇಲೆ ಹೆಸರುಗಳ ಪಟ್ಟಿ ಬೀಳುತ್ತಿತ್ತು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿಸಿಕೊಂಡು ಹಣ ಎಣಿಸಿಕೊಡುತ್ತಿದ್ದರು. ಅಷ್ಟರಲ್ಲಿ ಪರೀಕ್ಷೆ ಬಾಗಿಲಿಗೆ ಬಂದಿರುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದೂ ಸಹಿ ಹಾಕಲು ಕಾಲೇಜಿನಲ್ಲಿ ಇಲ್ಲದವರೂ ಇರುತ್ತಿದ್ದರು.

ನಿಯಮ ಬರೆದವರಿಗೆ ದಿನಗಳ ಬೆಲೆ ತಿಳಿಯದೆ ಇರಲಿಲ್ಲ. ಈ ಯೋಜನೆಯ ನಿಯಮಾವಳಿಯಲ್ಲಿ ದೀರ್ಘ ಕಾಲ ಇದ್ದ ಒಂದು ಕಲಮು ಓದಿದರೆ ನಗು ಬರುತ್ತದೆ. ನಿರ್ವಹಣಾ ಭತ್ಯೆ ಏಪ್ರಿಲ್ 1ರಿಂದ ಅಥವಾ ಪ್ರವೇಶ ಪಡೆದ ತಿಂಗಳಿಂದ, ಯಾವುದು ತಡವೋ ಅಂದಿನಿಂದ ಸಲ್ಲುತ್ತದೆ. ಆದರೆ ವಿದ್ಯಾರ್ಥಿ ತಿಂಗಳ 20ನೇ ತಾರೀಖಿನ ನಂತರ ಪ್ರವೇಶ ಪಡೆದರೆ ಆ ತಿಂಗಳ ಭತ್ಯೆ ಇಲ್ಲ! ವಿದ್ಯಾರ್ಥಿ ಒಂದು ದಿನ ತಡಮಾಡಿದರೆ ಒಂದು ತಿಂಗಳು ಕಡಿತ. ಕೊಡುವವರು 8 ತಿಂಗಳು ತಡಮಾಡಿದರೆ ಅದಕ್ಕೆ ಅಂಥ ಕಲಮಿಲ್ಲ.

ಮೊತ್ತವಾದರೂ ಎಷ್ಟು? 2010ರ ಜುಲೈಯಿಂದ ಜಾರಿಗೆ ಬಂದ ದರದ ಪ್ರಕಾರ ಮನೆಯಿಂದ ಓಡಾಡಿ ಪಿಯುಸಿ ಓದುವವರಿಗೆ ತಿಂಗಳಿಗೆ 230 ರೂಪಾಯಿ, ಬಿ.ಎ., ಬಿ.ಕಾಂ. ಓದುವವರಿಗೆ 300. ವಸತಿನಿಲಯದಲ್ಲಿರುವವರಿಗೆ ಕ್ರಮವಾಗಿ 380 ಮತ್ತು 570. ಕಡ್ಡಾಯ ಶುಲ್ಕದ ಮರುಪಾವತಿ ಬೇರೆ. 300 ರೂಪಾಯಿ ತಿಂಗಳು ತಿಂಗಳು ಕೈಗೆ ಬಂದರೆ ಬಸ್ಸಿನ ಪಾಸು, ನೋಟುಪುಸ್ತಕ, ಮಧ್ಯಾಹ್ನದ ಒಂದು ತಿಂಡಿಗೆ ದಾರಿಯಾಗುತ್ತದೆ. ಅದೇ ಹಣ ಮಾರ್ಚಿಯಲ್ಲಿ 3,000 ಆಗಿ ಒಟ್ಟಿಗೆ ಬಂದರೆ ಅಷ್ಟರಲ್ಲಿ ಮಾಡಿದ ಕೈಸಾಲಕ್ಕೆ ಹೋಗುತ್ತದೆ. ಶುಲ್ಕದ ಬಾಬತ್ತು ಇನ್ನೂ ಬಿಕ್ಕಟ್ಟಿನದು. ಸರ್ಕಾರದಿಂದ ಬರಬೇಕಾದ ಹಣ ಬಾರದಿದ್ದಾಗ ಖಾಸಗಿ ಕಾಲೇಜು ವಿದ್ಯಾರ್ಥಿಯ ಕಡೆಗೇ ತಿರುಗುತ್ತದೆ. ಹಾಲ್ ಟಿಕೆಟ್, ಅಂಕಪಟ್ಟಿ, ಟಿ.ಸಿ. ಇವು ಒತ್ತೆಯ ಒಡವೆಗಳಾಗುತ್ತವೆ. ಅಂಥ ಮನೆಯಲ್ಲಿ ಅಣ್ಣನೂ ತಂಗಿಯೂ ಓದುತ್ತಿದ್ದರೆ ಮೊದಲು ಯಾರ ಓದು ನಿಲ್ಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಕುಹಕದ ಮಾತು. ಸರ್ಕಾರದ ಸವಲತ್ತು ಪಡೆಯುವ ದಲಿತ ವಿದ್ಯಾರ್ಥಿಗಳನ್ನು 'ಗೌರ್ಮೆಂಟ್ ಬ್ರಾಹ್ಮಣ'ರೆಂದು ಹೀಯಾಳಿಸುವುದಿತ್ತು. ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಅದನ್ನೇ ಹೆಸರಾಗಿಟ್ಟರು. ಸವಲತ್ತು ಕೈಸೇರಲು ಎಷ್ಟು ತಿಂಗಳು ಬೇಕು ಎಂದು ಹೀಯಾಳಿಸುವವರು ಲೆಕ್ಕ ಹಾಕುತ್ತಿರಲಿಲ್ಲ. ಬಯ್ಗುಳ ಮಾತ್ರ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು.

ನಗದು ನೆರವಿಗಿಂತ ವಸತಿನಿಲಯಗಳು ಹೆಚ್ಚು ಮಂದಿಯನ್ನು ಕಾಲೇಜಿನಲ್ಲಿ ಉಳಿಸಿದವು ಎಂಬ ಮಾತಿದೆ. ಅದಕ್ಕೆ ಕಾರಣವೂ ಇದೇ. ದೇವರಾಜ ಅರಸು ಅವರ ಆಡಳಿತ ಕಾಲದಲ್ಲಿ ಹಿಂದುಳಿದ ವರ್ಗಗಳಿಗೂ ವಸತಿನಿಲಯಗಳು ಹರಡಿದವು. ಅಲ್ಲಿಯ ಅನ್ನ ರುಚಿಯಿಲ್ಲದ್ದಾಗಿರಬಹುದು, ಕೋಣೆಯಲ್ಲಿ ಇಕ್ಕಟ್ಟಿರಬಹುದು. ಆದರೆ ಅಕ್ಕಿ ತಿಂಗಳಿಗೊಮ್ಮೆ ಬರಲೇಬೇಕು; ಹಸಿದ ನೂರು ಹುಡುಗರನ್ನು ಮಾರ್ಚಿಯವರೆಗೆ ಕಾಯಿರೆಂದು ಹೇಳಲಾಗದು. ನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ರಾಜ್ಯ ಸರ್ಕಾರ 2013-14ರಲ್ಲಿ 'ವಿದ್ಯಾಸಿರಿ' ತಂದಿತು. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು. ಊಟದ ಬದಲಿಗೆ ನಗದು ಎಂದಾಗ ಅದಕ್ಕೂ ತಾರೀಖಿನ ಪ್ರಶ್ನೆ ಅಂಟಿಕೊಂಡಿತು.

ದಿನಕ್ಕೆ 20 ರೂಪಾಯಿ ದಂಡ

ವಿಳಂಬಕ್ಕೂ ಬೆಲೆ ತೆರಬೇಕೆಂದು ಕಾನೂನಿನಲ್ಲಿ ಬರೆದದ್ದು ತಡವಾಗಿ. 2011ರಲ್ಲಿ ಅಂಗೀಕಾರವಾಗಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಸಕಾಲ' ಕಾಯ್ದೆಯ ಪ್ರಕಾರ, ಗೊತ್ತುಪಡಿಸಿದ ಸೇವೆಯನ್ನು ಗಡುವಿನೊಳಗೆ ಕೊಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಇದರ ವ್ಯಾಪ್ತಿಗೆ ಬಂದವು. ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ ಅವು ಗಣಕಯಂತ್ರದಿಂದ ಸಿಗತೊಡಗಿದವು. ದೇವದುರ್ಗ, ಮಾನ್ವಿಯಂಥ ಕಡೆ ಇದು ಸಣ್ಣ ಬದಲಾವಣೆಯಲ್ಲ. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಇವೆರಡನ್ನೂ ಸೇರಿಸಿತ್ತು. ತಾಲ್ಲೂಕು ಕಚೇರಿಗೆ ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಗುವ ಊರುಗಳಿವು.

2019ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಅರ್ಜಿಗಳೂ ಒಂದೇ ಕಿಂಡಿಗೆ ಬಂದವು. ಅದೇ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಹುಡುಗರ ಬಾಯಲ್ಲಿ 'ಎಸ್‌ಎಸ್‌ಪಿ'. ಪ್ರಮಾಣಪತ್ರದ ಆರ್‌.ಡಿ. ಸಂಖ್ಯೆ ಹಾಕಿದರೆ ಜಾತಿ, ಆದಾಯದ ವಿವರ ತಾನಾಗಿ ಬರುತ್ತದೆ. ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರ ಜಮಾ. ಗುಮಾಸ್ತರ ಮೇಜುಗಳು ಕಡಿಮೆಯಾದವು. ಹೊಸ ಬಗೆಯ ಆಕ್ಷೇಪಣೆಗಳು ಹುಟ್ಟಿದವು. ಈ ಸೀಮೆಯಲ್ಲಿ ಒಬ್ಬನ ಹೆಸರಿಗೆ ತಂದೆಯ ಹೆಸರು ಹಿಂದೆ ಬರುವುದೂ ಉಂಟು, ಮುಂದೆ ಬರುವುದೂ ಉಂಟು, ಮನೆತನದ ಹೆಸರು ಸೇರುವುದೂ ಉಂಟು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇಂಗ್ಲಿಷ್ ಕಾಗುಣಿತವಿದ್ದರೆ ಯಂತ್ರ ಇಬ್ಬರು ಬೇರೆ ಬೇರೆ ಎಂದು ತೀರ್ಪು ಕೊಡುತ್ತದೆ. ಗುಮಾಸ್ತನಾದರೆ ಮುಖ ನೋಡಿ ಗುರುತು ಹಿಡಿಯುತ್ತಿದ್ದ. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ನಡುದಾರಿಯಲ್ಲಿ ನಿಲ್ಲುತ್ತದೆ.

ಇಷ್ಟಕ್ಕೂ ಯಂತ್ರ ಅರ್ಜಿಯನ್ನು ಓಡಿಸಬಹುದು, ಇಲ್ಲದ ಹಣವನ್ನು ಹುಟ್ಟಿಸಲಾರದು. ಕೇಂದ್ರ ಮತ್ತು ರಾಜ್ಯಗಳ ನಡುವೆ ಇದ್ದದ್ದು 'ಬದ್ಧ ಹೊಣೆ' ಎಂಬ ಲೆಕ್ಕ. ಒಂದು ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷದಲ್ಲಿ ಎಷ್ಟು ಖರ್ಚಾಗಿತ್ತೋ ಅಷ್ಟನ್ನು ಮುಂದೆ ಪ್ರತಿವರ್ಷ ರಾಜ್ಯವೇ ಭರಿಸಬೇಕು; ಅದಕ್ಕಿಂತ ಮೇಲಿನದಷ್ಟನ್ನೇ ಕೇಂದ್ರ ಕೊಡುತ್ತದೆ. 12ನೇ ಯೋಜನೆ 2017ರ ಮಾರ್ಚಿಗೆ ಮುಗಿದಾಗ ಹೊರೆಯೆಲ್ಲ ರಾಜ್ಯಗಳ ತಲೆಗೆ ಬಂತು. 2017-18ರಿಂದ 2019-20ರವರೆಗೆ ಪರಿಶಿಷ್ಟ ಜಾತಿಗಳ ಈ ಯೋಜನೆಗೆ ಕೇಂದ್ರದ ನೆರವು ವರ್ಷಕ್ಕೆ ಸರಾಸರಿ 1,100 ಕೋಟಿ ರೂಪಾಯಿಯ ಆಸುಪಾಸು ಇತ್ತು. ಕರ್ನಾಟಕವೂ ಸೇರಿ 5 ರಾಜ್ಯಗಳಲ್ಲಿ 2012ರಿಂದ 2017ರವರೆಗಿನ ಅವಧಿಯನ್ನು ಪರಿಶೀಲಿಸಿದ ಸಿಎಜಿ 2018ರ ವರದಿಯಲ್ಲಿ ಹಣ ಪಾವತಿಯ ವಿಳಂಬವನ್ನು ಎತ್ತಿ ತೋರಿಸಿತು. ಕೆಲವು ಪ್ರಕರಣಗಳಲ್ಲಿ ಅದು ವರ್ಷಗಟ್ಟಲೆ ಇತ್ತು. ಪದವಿಯ ಅವಧಿ 3 ವರ್ಷ ಎಂಬುದನ್ನು ಇಲ್ಲಿ ನೆನಪಿಡಬೇಕು.

ಒಂದೇ ವಾರ, ಎರಡು ದೇಶ

2020ರ ಡಿಸೆಂಬರ್ 23ರಂದು ಕೇಂದ್ರ ಸಚಿವ ಸಂಪುಟ ಈ ಲೆಕ್ಕ ಬದಲಿಸಿತು. 5 ವರ್ಷಕ್ಕೆ 59,048 ಕೋಟಿ ರೂಪಾಯಿಯ ಯೋಜನೆ. ಅದರಲ್ಲಿ 35,534 ಕೋಟಿ, ಅಂದರೆ ಶೇ 60, ಕೇಂದ್ರದ್ದು. ಹತ್ತನೇ ತರಗತಿಯಿಂದ ಮುಂದೆ ಓದಲಾಗದ ಕಡುಬಡವರ ಮಕ್ಕಳು 1.36 ಕೋಟಿ ಎಂಬುದು ಸರ್ಕಾರದ್ದೇ ಅಂದಾಜು. ರಾಜ್ಯ ತನ್ನ ಶೇ 40ರ ಪಾಲನ್ನು ಮೊದಲು ವಿದ್ಯಾರ್ಥಿಯ ಖಾತೆಗೆ ಹಾಕಬೇಕು, ಆಮೇಲೆ ಕೇಂದ್ರ ತನ್ನ ಪಾಲನ್ನು ಅದೇ ಖಾತೆಗೆ ಹಾಕುತ್ತದೆ ಎಂಬ ಏರ್ಪಾಟು ಬಂತು. ಹಣ ಮೊದಲೇ ಕಟ್ಟದೆ ಪ್ರವೇಶ ಪಡೆಯಲು 'ಫ್ರೀಶಿಪ್ ಕಾರ್ಡ್' ಎಂಬ ಅವಕಾಶವೂ ನಿಯಮಗಳಲ್ಲಿ ಸೇರಿತು. ತಿಂಗಳ ಭತ್ಯೆಯ ಬದಲು ವರ್ಷದ ಭತ್ಯೆ ಬಂತು. ಮನೆಯಿಂದ ಓಡಾಡುವ ಬಿ.ಎ. ವಿದ್ಯಾರ್ಥಿಗೆ ವರ್ಷಕ್ಕೆ 3,000 ರೂಪಾಯಿ. 2010ರ 300 ರೂಪಾಯಿಯನ್ನು 10 ತಿಂಗಳಿಗೆ ಗುಣಿಸಿದರೆ ಬರುವುದೂ ಅಷ್ಟೇ. ಹತ್ತು ವರ್ಷದಲ್ಲಿ ಈ ವಿದ್ಯಾರ್ಥಿಯ ಮಟ್ಟಿಗೆ ಮೊತ್ತ ಕದಲಲಿಲ್ಲ. ಆದ ಸುಧಾರಣೆಯೆಲ್ಲ ಹಣದ ದಾರಿ ಮತ್ತು ವೇಳೆಯದು. ಹಾಗಿದ್ದಮೇಲೆ ವೇಳೆಯೂ ತಪ್ಪಿದರೆ ಉಳಿಯುವುದೇನು?

ಅದೇ ವಾರ, ಡಿಸೆಂಬರ್ 27ರಂದು, ಅಮೆರಿಕದಲ್ಲೂ ಇಂಥದೇ ಒಂದು ಕಾನೂನಿಗೆ ಸಹಿ ಬಿತ್ತು. ಅಲ್ಲಿ ಕಾಲೇಜು ನೆರವಿಗೆ ಎಲ್ಲರೂ ತುಂಬಬೇಕಾದ 'ಫಾಫ್ಸಾ' ಎಂಬ ಅರ್ಜಿಯಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಅದನ್ನು ಸರಳಗೊಳಿಸುವುದು ಕಾನೂನಿನ ಉದ್ದೇಶ. ಪ್ರತಿವರ್ಷ ಅಕ್ಟೋಬರ್ 1ಕ್ಕೆ ಬರುತ್ತಿದ್ದ ಅರ್ಜಿ ಹೊಸ ರೂಪದಲ್ಲಿ ಬಂದದ್ದು 2023ರ ಡಿಸೆಂಬರ್ ಕೊನೆಗೆ, ಅದೂ ದಿನಕ್ಕೆ ಕೆಲವು ಹೊತ್ತು ಮಾತ್ರ. ವಿದ್ಯಾರ್ಥಿಗಳ ವಿವರ ಕಾಲೇಜುಗಳಿಗೆ ತಲುಪತೊಡಗಿದ್ದು 2024ರ ಮಾರ್ಚಿಯಲ್ಲಿ. ಎಷ್ಟು ನೆರವು ಸಿಗುತ್ತದೆಂದು ತಿಳಿಯದೆ ಯಾವ ಕಾಲೇಜು ಸೇರುವುದೆಂದು ಲಕ್ಷಾಂತರ ಮನೆಗಳು ಕೈಕಟ್ಟಿ ಕೂತವು. ಪಶ್ಚಿಮ ವರ್ಜೀನಿಯಾದ ಗವರ್ನರ್ ಇದಕ್ಕಾಗಿಯೇ ತುರ್ತು ಪರಿಸ್ಥಿತಿ ಘೋಷಿಸಿದರು. ಅರ್ಜಿ ಅಕ್ಟೋಬರ್ 1ಕ್ಕೆ ಸಿಗಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತು. ಪ್ರಶ್ನೆ ಕಡಿಮೆ ಮಾಡುವುದು ಬೇರೆ, ದಿನ ತಪ್ಪದಿರುವುದು ಬೇರೆ ಎಂದು ಸಿರಿವಂತ ದೇಶವೂ ಕಲಿತದ್ದು ಹೀಗೆ. ನೆರೆಯ ತೆಲುಗು ನಾಡಿನಲ್ಲಿ 2008ರ ಸುಮಾರಿಗೆ ದೊಡ್ಡ ಪ್ರಮಾಣದಲ್ಲಿ ಶುರುವಾದ ಶುಲ್ಕ ಮರುಪಾವತಿ ಯೋಜನೆಯ ಬಾಕಿ ಇಂದಿಗೂ ಚಳವಳಿಯ ವಸ್ತು. ಕೃಷ್ಣೆಯ ಆಚೆ ದಡದ ಕಥೆಯೂ ಬೇರೆಯಲ್ಲ.

ಅರ್ಜಿಯೇ ಇಲ್ಲದೆ ನೆರವು ಕೊಡಲು ಸಾಧ್ಯವೇ ಎಂಬ ಪ್ರಯೋಗವೂ ಕರ್ನಾಟಕದಲ್ಲಿ ನಡೆದಿದೆ. 2021ರ ಜುಲೈಯಲ್ಲಿ ಅಧಿಕಾರ ವಹಿಸಿಕೊಂಡ ದಿನವೇ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 'ರೈತ ವಿದ್ಯಾನಿಧಿ' ಪ್ರಕಟಿಸಿದರು. ರೈತರ ಮಕ್ಕಳಿಗೆ ವರ್ಷಕ್ಕೆ 2,500ರಿಂದ 11,000 ರೂಪಾಯಿ. ರೈತರ ನೋಂದಣಿಯ 'ಫ್ರೂಟ್ಸ್' ಸಂಖ್ಯೆಯನ್ನೂ ವಿದ್ಯಾರ್ಥಿಯ ಆಧಾರನ್ನೂ ಸರ್ಕಾರದ ಗಣಕವೇ ಹೊಂದಿಸಿ ನೋಡಿ ಹಣ ಹಾಕುವ ವಿಧಾನ ಅದರದು. ಎರಡು ಇಲಾಖೆಗಳ ದಾಖಲೆ ಒಂದರ ಜೊತೆ ಒಂದು ಮಾತಾಡಿದರೆ ಹುಡುಗ ಕಚೇರಿಗಳ ನಡುವೆ ಓಡಾಡಬೇಕಿಲ್ಲ ಎಂಬುದು ಇದರಿಂದ ಸಾಬೀತಾಯಿತು. ಆದರೆ ಫ್ರೂಟ್ಸ್ ಸಂಖ್ಯೆಯ ಬುಡದಲ್ಲಿರುವುದು ಪಹಣಿ. ಬೇರೆಯವರ ಹೊಲವನ್ನು ಪಾಲಿಗೆ, ಲಾವಣಿಗೆ ಮಾಡುವವನ ಹೆಸರು ಪಹಣಿಯಲ್ಲಿ ಎಲ್ಲಿರುತ್ತದೆ?

ರಾಯಚೂರು ಸೀಮೆಗೆ ಇನ್ನೊಂದು ಕಾಗದ ಹೆಚ್ಚು. ಸಂವಿಧಾನದ 371(ಜೆ) ಕಲಮಿನಿಂದ 2013ರ ನಂತರ ಪ್ರವೇಶದಲ್ಲಿ ಈ ಭಾಗದವರಿಗೆ ಮೀಸಲು ದೊರೆಯಿತು. ಅದಕ್ಕೂ ಉಪವಿಭಾಗಾಧಿಕಾರಿಗಳಿಂದ ಪ್ರಮಾಣಪತ್ರ ಬೇಕು. ಸೀಟು ಕೊಡಿಸುವ ಕಾಗದ ಒಂದು, ಆ ಸೀಟಿನಲ್ಲಿ ಕೂರಿಸುವ ಹಣದ ಕಾಗದಗಳು ಹಲವು.

2023ರ ಜೂನ್ 11ರಂದು ಶುರುವಾದ 'ಶಕ್ತಿ' ಯೋಜನೆಯನ್ನು ಯಾರೂ ಶಿಕ್ಷಣದ ನೆರವೆಂದು ಕರೆದಿಲ್ಲ. ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ ಎಂಬುದಷ್ಟೇ ಅದು. ಆದರೆ ಕಲ್ಲೂರಿನಿಂದ ರಾಯಚೂರಿನ ಕಾಲೇಜಿಗೆ ಹೋಗುವ ಹುಡುಗಿಯ ಮಟ್ಟಿಗೆ ಅದು ಕೆಲಸ ಮಾಡುವ ರೀತಿ ನೋಡಬೇಕು. ಗುರುತಿನ ಚೀಟಿ ತೋರಿಸಿದ ಕ್ಷಣವೇ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾನೆ. ಜಾತಿಯ ಪತ್ರವಿಲ್ಲ, ಆದಾಯದ ಪತ್ರವಿಲ್ಲ, ಮಂಜೂರಾತಿಯಿಲ್ಲ, ಕಂಡಕ್ಟರನೇ ಖಜಾನೆ. ಅದೇ ಬಸ್ಸು ಹತ್ತುವ ಅವಳ ತಮ್ಮ ಮಾತ್ರ ಕಾಲೇಜಿನ ಶುಲ್ಕದ ರಸೀದಿ ತೋರಿಸಿ ಪಾಸಿಗೆ ಅರ್ಜಿ ಹಾಕಬೇಕು. ರಸೀದಿ ಬೇಕೆಂದರೆ ಶುಲ್ಕ ಕಟ್ಟಿರಬೇಕು.